ಹತ್ತೇ ನಿಮಿಷದಲ್ಲಿ ಸರಿಯಾಗಿದ್ದ ಕೈ

ಕಾಸರಗೋಡಿನ ಬದಿಯಡ್ಕ ಕಡೆಯ ಅಡಿಕೆ ಕೃಷಿಕರು, ವಯಸ್ಸು ಅರವತ್ತರ ಹತ್ತಿರ. ಹೆಸರು, ಗುರುತು ಬದಲಿಸಿದ್ದೇನೆ, ಕೇಶವಣ್ಣ ಎನ್ನೋಣ. ಹೆಂಡತಿಯ ಜೊತೆ ನನ್ನ ಹತ್ತಿರ ಬಂದದ್ದು ಮನೆಯ ಜಗಳ ಬಗೆಹರಿಸಿಕೊಳ್ಳಲು. "ಸುಮ್ನೆ ಮಗನಿಗೆ ಫೋನ್ ಮಾಡಿ ಹೆದರಿಸಿದ್ದಾಳೆ" ಎಂದು ಇವರ ದೂರು.

ಆದದ್ದಿಷ್ಟು. ಹಿಂದಿನ ದಿನ ಅಡಿಕೆ ಸುಲಿಯುತ್ತಾ ಕೂತಿದ್ದಾಗ ಬಲಗೈಯಿಂದ ಅಡಿಕೆ ಜಾರಿತು. ಹೆಕ್ಕಿದರು, ಮತ್ತೆ ಜಾರಿತು. ಏನಾಯಿತೆಂದು ಹೆಂಡತಿ ಕೇಳಿದರೆ ಮಾತು ತೊದಲಿತು. ಹತ್ತು ನಿಮಿಷದಲ್ಲಿ ಎಲ್ಲ ಸರಿ. ಗ್ಯಾಸ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಮಲಗಿದರಂತೆ. ಬಿಪಿ ಮಾತ್ರೆ ಬಿಟ್ಟು ತಿಂಗಳುಗಳೇ ಆಗಿದ್ದವು.

ಜಗಳದ ಮಾತು ಅಲ್ಲಿಗೇ ನಿಲ್ಲಿಸಿದೆ. "ಮನೆಗೆ ಹೋಗಬೇಡಿ, ಇಲ್ಲಿಂದಲೇ ಮಂಗಳೂರಿಗೆ ಹೊರಡಿ" ಎಂದೆ. "ಈಗ ಸರಿ ಇದ್ದೇನಲ್ವಾ?" ಎಂದು ಸಿಡುಕಿದರು.

ಕಾರಣ ಮಿದುಳಿನಲ್ಲಿದೆ. ಮಿದುಳಿನ ತೂಕ ಮೈತೂಕದ ನೂರಕ್ಕೆ 2 ಪಾಲು, ಬಳಸುವ ಆಮ್ಲಜನಕ ಮಾತ್ರ ಸುಮಾರು 20 ಪಾಲು. ಕೂಡಿಡಲು ಜಾಗವಿಲ್ಲ, ಆಗಾಗಿನದು ಆಗಲೇ ಬರಬೇಕು. 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿಲಿಲೀಟರ್‌ನಷ್ಟು ರಕ್ತ ಹರಿಯುತ್ತದೆ. ಅದು 20ಕ್ಕಿಂತ ಕೆಳಗಿಳಿದರೆ ಆ ಭಾಗ ಕೆಲಸ ನಿಲ್ಲಿಸುತ್ತದೆ, ಆದರೆ ಸತ್ತಿರುವುದಿಲ್ಲ. ನೀರು ಕಡಿಮೆಯಾದ ತೋಟದ ಹಾಗೆ, ಬೇಗ ನೀರು ಬಿಟ್ಟರೆ ಚಿಗುರೀತು. 10ಕ್ಕಿಂತಲೂ ಕೆಳಗಿಳಿದರೆ ಜೀವಕೋಶಗಳು ನಿಮಿಷಗಳಲ್ಲೇ ಸಾಯುತ್ತವೆ. ಅದೇ ಸ್ಟ್ರೋಕ್, ನಾವು ಲಕ್ವ ಎನ್ನುವುದು. ಕೇಶವಣ್ಣನಿಗೆ ಹರಿವು ಮರಳಿತು, ತಡೆದದ್ದೇನೆಂದು ಗೊತ್ತಾಗಿಲ್ಲ. ಇಂಥದ್ದಾದ ಮೇಲೆ ಮೊದಲ ಎರಡು ದಿನವೇ ಪೂರ್ತಿ ಸ್ಟ್ರೋಕ್ ಆಗುವ ಅಪಾಯ ಜಾಸ್ತಿ.

ಹೋದರು. ಕುತ್ತಿಗೆಯ ಎಡಗಡೆಯ ರಕ್ತನಾಳ ಕಿರಿದಾಗಿತ್ತು. ಚಿಕಿತ್ಸೆ ಶುರುವಾಯಿತು.

ಎರಡನೇ ಸಲ ಬಂದಾಗ ನಿಜವಾದ ವಿಷಯ ಹೊರಬಿತ್ತು. ಅವರ ಅಪ್ಪ ಲಕ್ವ ಹೊಡೆದು ವರ್ಷಗಟ್ಟಲೆ ಹಾಸಿಗೆಯಲ್ಲಿದ್ದರು. ಮಲಮೂತ್ರಕ್ಕೂ ಬೇರೆಯವರು. ಅದನ್ನು ಕಂಡವರು ಆ ಹೆಸರೇ ಕಿವಿಗೆ ಬೀಳಬಾರದೆಂದು ಮಾತ್ರೆಯನ್ನೂ ದೂರ ಇಟ್ಟಿದ್ದರು. ಹಟ ಎಂದು ಮನೆಯವರು ಅಂದುಕೊಂಡದ್ದು ಹೆದರಿಕೆ. ಇಂಥ ಗಂಡಸರು ನಮ್ಮ ಕಡೆ ಕಡಿಮೆಯೇನಿಲ್ಲ.

ಹೆಂಡತಿಗೆ ಹೇಳಿದೆ: ದಿನವೂ ಮಾತ್ರೆ ಎಣಿಸುತ್ತಾ ಹಿಂದೆ ಬೀಳಬೇಡಿ. ಆದರೆ ಬಾಯಿ ಓರೆಯಾದರೆ, ಕೈ ಸೋತರೆ, ಮಾತು ತೊದಲಿದರೆ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಮುಟ್ಟಬೇಕು. ನಿಮ್ಮಲ್ಲಿಂದ ಮಂಗಳೂರಿನ ದಾರಿಗೇ ಒಂದು ಗಂಟೆಗಿಂತ ಜಾಸ್ತಿ. ನೀರು, ಕಷಾಯ ಕುಡಿಸಬೇಡಿ. ಆಸ್ಪಿರಿನ್ ಕೊಡಬೇಡಿ, ರಕ್ತಸ್ರಾವವೋ ಹೆಪ್ಪೋ ಎಂದು ಸ್ಕ್ಯಾನ್ ಇಲ್ಲದೆ ತಿಳಿಯದು. ಆ ಹೊತ್ತಿಗೆ ಇವರ ಒಪ್ಪಿಗೆಯನ್ನೂ ಕೇಳಬೇಡಿ.

ಇದನ್ನು ಅವರೆದುರೇ ಹೇಳಿದ್ದು. ಕೇಶವಣ್ಣ ಒಪ್ಪಿದರು. ಮಾತ್ರೆ ಡಬ್ಬಿ ಮಾತ್ರ ತನ್ನ ಕೈಯಲ್ಲೇ ಇರಬೇಕೆಂದರು. ಇರಲಿ ಎಂದೆ.