ಕುಡಿತ ಬಿಟ್ಟ ಮೂರನೇ ರಾತ್ರಿ ಗೋಡೆ ಮೇಲೆ ಹುಳ ಕಂಡರೆ
(ಓದುಗರ ಪ್ರಶ್ನೆಗೆ ಮನೋವೈದ್ಯರ ಉತ್ತರ)

ಪ್ರಶ್ನೆ: ನಮ್ಮ ಯಜಮಾನರಿಗೆ 44 ವರ್ಷ. ಲಾರಿ ಡ್ರೈವರ್. ಹದಿನೈದು ವರ್ಷದಿಂದ ಕುಡಿಯುತ್ತಾರೆ, ಈಚೆಗೆ ದಿನಾ ಎರಡು ಕ್ವಾರ್ಟರ್ ಬೇಕೇ ಬೇಕು. ಕಳೆದ ಸಲ ಅಯ್ಯಪ್ಪನ ಮಾಲೆ ಹಾಕಿ ಒಂದೇ ದಿನಕ್ಕೆ ಬಿಟ್ಟರು. ಮನೆಯವರೆಲ್ಲ ಖುಷಿಪಟ್ಟೆವು. ಮೂರನೇ ರಾತ್ರಿ ಮೈಯೆಲ್ಲ ಬೆವರು, ಕೈ ನಡುಕ. ಗೋಡೆ ಮೇಲೆ ಹುಳ ಹರಿದಾಡುತ್ತಿವೆ ಅಂದರು. ಹಾಸಿಗೆ ಮೇಲೆ ಕೂತು ಗೇರ್ ಹಾಕುತ್ತಿದ್ದರು. ನನ್ನನ್ನೇ ಕ್ಲೀನರ್ ಅಂದುಕೊಂಡು ಬೈದರು. ಗಾಳಿ ಸೋಕಿದೆ ಅಂತ ಅತ್ತೆ ತಾಯತ ಕಟ್ಟಿಸಿದರು. ನಾಲ್ಕೈದು ದಿನಕ್ಕೆ ಸರಿಹೋದರು. ಈಗ ಮತ್ತೆ ಕುಡಿತ ಶುರು. ‘ಬಿಟ್ಟರೆ ತಲೆ ಕೆಡುತ್ತೆ, ಕುಡಿದರೇ ಸರಿ’ ಅನ್ನುತ್ತಾರೆ. ಇದು ಹುಚ್ಚಾ, ಕುಡಿತದ್ದಾ? ಮತ್ತೆ ಬಿಡಿಸೋಕೆ ನಮಗೇ ಭಯ.
– ಹೆಸರು ಬೇಡ, ಅರಸೀಕೆರೆ

ಉತ್ತರ: ನಿಮ್ಮ ಭಯ ಸರಿಯಾಗಿಯೇ ಇದೆ ತಾಯಿ. ನೀವು ಬರೆದದ್ದು ನೋಡಿದರೆ ಅದು ಕುಡಿತ ಒಮ್ಮೆಗೇ ನಿಂತದ್ದರಿಂದ ಆದ ತೊಂದರೆ. ಡಾಕ್ಟರುಗಳು ಇದಕ್ಕೆ ಡೆಲಿರಿಯಂ ಟ್ರೆಮೆನ್ಸ್, ಚಿಕ್ಕದಾಗಿ ಡಿ.ಟಿ. ಅನ್ನುತ್ತಾರೆ. ಹಾಸಿಗೆ ಮೇಲೆ ಕೂತು ಗೇರ್ ಹಾಕಿದ್ದನ್ನು ಬರೆದಿರಲ್ಲ, ಅದು ದೊಡ್ಡ ಸುಳಿವು. ಈ ಸ್ಥಿತಿಯಲ್ಲಿ ಮನುಷ್ಯ ತನ್ನ ದಿನನಿತ್ಯದ ಕೆಲಸವನ್ನೇ ಮಾಡುತ್ತಿರುತ್ತಾನೆ. ದರ್ಜಿ ಇಲ್ಲದ ಸೂಜಿಗೆ ದಾರ ಪೋಣಿಸುತ್ತಾನೆ. ಗಾರೆಯವನು ಗೋಡೆ ಸವರುತ್ತಾನೆ. ಹೆಂಡತಿ ಕ್ಲೀನರ್ ಆಗಿಬಿಡುತ್ತಾಳೆ.

ಯಾಕೆ ಹೀಗಾಗುತ್ತೆ? ಒಂದು ಕ್ವಾರ್ಟರ್ ವಿಸ್ಕಿ ಅಂದರೆ 180 ಎಂಎಲ್. ಅದರಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತೆ. ನಿಮ್ಮವರ ಮೈಗೆ ದಿನಾ ಅದರ ಎರಡರಷ್ಟು ಹೋಗುತ್ತಿದೆ. ಆಲ್ಕೋಹಾಲ್ ಮೆದುಳನ್ನು ಮಂದ ಮಾಡುತ್ತೆ. ವರ್ಷಗಟ್ಟಲೆ ಹಾಗಾದಾಗ ಮೆದುಳು ಅದಕ್ಕೆ ಎದುರಾಗಿ ಜಾಸ್ತಿ ಚುರುಕಾಗಿ ಓಡೋದನ್ನು ಕಲಿಯುತ್ತೆ. ಬ್ರೇಕ್ ತುಳಿದುಕೊಂಡೇ ಆಕ್ಸಿಲರೇಟರ್ ಕೊಟ್ಟ ಹಾಗೆ. ಒಂದು ದಿನ ಬ್ರೇಕ್ ಮೇಲಿನ ಕಾಲು ತೆಗೆದರೆ ಗಾಡಿ ಹೇಗೆ ನುಗ್ಗುತ್ತೆ ಅಂತ ನಿಮ್ಮ ಯಜಮಾನರಿಗೆ ನಾನು ಹೇಳಬೇಕಿಲ್ಲ.

ಇದಕ್ಕೊಂದು ಲೆಕ್ಕ ಇದೆ. ಕೊನೆಯ ಗ್ಲಾಸ್ ಆದ ಆರು ಗಂಟೆಯಿಂದ ಒಂದು ದಿನದೊಳಗೆ ಕೈ ನಡುಕ, ಬೆವರು, ವಾಂತಿ, ನಿದ್ದೆ ಬರದಿರೋದು ಶುರುವಾಗುತ್ತೆ. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಡಿ.ಟಿ. ಬರುತ್ತೆ. ಕುಡಿಯುವ ಎಲ್ಲರಿಗೂ ಇದು ಬರೋದಿಲ್ಲ, ಆದರೆ ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಜಾಸ್ತಿ, ಬಂದರೆ ಇನ್ನೂ ಜೋರಾಗಿರಬಹುದು. ಚಿಕಿತ್ಸೆ ಸಿಗದೆ ಪ್ರಾಣ ಹೋದದ್ದೂ ಉಂಟು. ನಿಮ್ಮ ಮನೆಯಲ್ಲಿ ನಾಲ್ಕೈದು ದಿನಕ್ಕೆ ಸರಿಹೋಯಿತು, ಅದು ಅದೃಷ್ಟ. ತಾಯತ ಇರಲಿ, ಅತ್ತೆಯ ಮನಸ್ಸಿಗೂ ಸಮಾಧಾನ ಬೇಕಲ್ಲ. ಆದರೆ ಅವತ್ತು 108ಕ್ಕೆ ಫೋನ್ ಮಾಡಬೇಕಿತ್ತು.

‘ಬಿಟ್ಟರೆ ತಲೆ ಕೆಡುತ್ತೆ’ ಅನ್ನುವ ಅವರ ಮಾತು ಅರ್ಧ ನಿಜ. ಮನೆಯಲ್ಲಿ ಒಂದೇ ಸಲ ಬಿಟ್ಟರೆ ಕೆಡುತ್ತೆ. ಆಸ್ಪತ್ರೆಯಲ್ಲಿ ಬಿಟ್ಟರೆ ನಡುಕ, ಫಿಟ್ಸ್ ಬರದಂತೆ ಮಾತ್ರೆ ಕೊಡುತ್ತಾರೆ, ಒಂದು ವಾರ ಹತ್ತು ದಿನದಲ್ಲಿ ಅದನ್ನು ಇಳಿಸುತ್ತಾ ನಿಲ್ಲಿಸುತ್ತಾರೆ. ಆ ಮಾತ್ರೆಗಳನ್ನು ಮೆಡಿಕಲ್ ಶಾಪಿನಿಂದ ನೀವೇ ತಂದು ಕೊಡೋ ಹಾಗಿಲ್ಲ. ಹಾಗಾಗಿ ಡಾಕ್ಟರ್ ನೋಡುವ ತನಕ ‘ಇವತ್ತೇ ಬಿಡಿ’ ಅಂತ ಹಟ ಹಿಡಿಯಬೇಡಿ. ಹೊಸದಾಗಿ ಆಣೆ ಭಾಷೆಯೂ ಬೇಡ.

ಇನ್ನೊಂದು ಮಾತು, ಇದು ತುಂಬಾ ಮನೆಗಳಲ್ಲಿ ತಪ್ಪಿಹೋಗುತ್ತೆ. ಕುಡಿದು ಸುಸ್ತಾದವರನ್ನು ಹತ್ತಿರದ ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ‘ಒಂದು ಬಾಟಲ್ ಗ್ಲೂಕೋಸ್ ಹಾಕಿ ಡಾಕ್ಟ್ರೇ’ ಅನ್ನುತ್ತಾರೆ. ಕುಡಿತದ ವಿಷಯ ಮಾತ್ರ ಹೇಳೋದಿಲ್ಲ, ಮರ್ಯಾದೆ ನೋಡಿ! ಊಟ ಬಿಟ್ಟು ಕುಡಿಯುವವರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಕಣ್ಣು ಎರಡೆರಡು ಕಾಣೋದು, ನಡಿಗೆ ತೂರಾಡೋದು, ಆಮೇಲೆ ನೆನಪೇ ನಿಲ್ಲದಿರೋದು, ಇವೆಲ್ಲ ಅದರಿಂದ ಬರುತ್ತವೆ. ‘ದಿನಾ ಇಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಇಂಥ ಹೊತ್ತಿಗೆ’ ಅಂತ ಮೊದಲೇ ಹೇಳಿಬಿಡಿ. ಡಾಕ್ಟರ್ ಮೊದಲು ಬಿ1 ಇಂಜೆಕ್ಷನ್ ಕೊಡುತ್ತಾರೆ.

ಅವರ ಜೊತೆ ಮಾತಾಡೋಕೆ ಬೆಳಗ್ಗೆ ಹೊತ್ತು ನೋಡಿ. ರಾತ್ರಿ ಕುಡಿದು ಬಂದಾಗ ಆಡಿದ ಮಾತು ನೀರಲ್ಲಿ ಹೋಮ. ಮಕ್ಕಳ ಮುಂದೆ, ಅಣ್ಣತಮ್ಮಂದಿರ ಮುಂದೆ ಪಂಚಾಯಿತಿ ಮಾಡಬೇಡಿ. ‘ಕುಡುಕ’ ಅನ್ನುವ ಪದ ಬಿಡಿ. ‘ಅವತ್ತು ರಾತ್ರಿ ನನಗೆ ತುಂಬಾ ಭಯ ಆಯ್ತು ರೀ. ಈ ಸಲ ಬಿಡುವಾಗ ಹಾಗಾಗದಂತೆ ಮಾತ್ರೆ ಇದೆಯಂತೆ, ಕೇಳಿಕೊಂಡು ಬರೋಣ’ ಅನ್ನಿ. ಬೇಡ ಅಂದರೆ ಅವತ್ತಿಗೆ ಬಿಟ್ಟು, ಇನ್ನೊಂದು ಬೆಳಗ್ಗೆ ಮತ್ತೆ ಎತ್ತಿ. ಕೈ ನಡುಗುವ ಹೊತ್ತಲ್ಲಾಗಲಿ, ಈ ಮಾತ್ರೆ ನಡೆಯುವ ದಿನಗಳಲ್ಲಾಗಲಿ ಅವರು ಸ್ಟೇರಿಂಗ್ ಹಿಡಿಯಬಾರದು. ಲೋಡ್ ತಪ್ಪಿದರೆ ತಪ್ಪಲಿ.

ಮಾಲೆ ಹಾಕುವ ಆಸೆ ಇದ್ದರೆ ಬಹಳ ಒಳ್ಳೆಯದು. ಎರಡು ಮೂರು ವಾರ ಮುಂಚೆ ಆಸ್ಪತ್ರೆಯಲ್ಲಿ ಕುಡಿತ ಇಳಿಸಿಕೊಂಡು ಆಮೇಲೆ ಮಾಲೆ ಹಾಕಲಿ. ವ್ರತ ಮುರಿಯದೆ ನಡೆಯೋಕೆ ಅದೇ ಆಸರೆ. ಬಿಟ್ಟ ಮೇಲೆ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್, ಅಕ್ಯಾಂಪ್ರೊಸೇಟ್‌ನಂಥ ಮಾತ್ರೆಗಳಿವೆ. ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗಳಿವೆ, ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳಿವೆ. ಶಿಬಿರಕ್ಕೆ ಕಳಿಸುವುದಾದರೆ ಹಿಂದೆ ಡಿ.ಟಿ. ಆಗಿತ್ತು ಅಂತ ಮುಂಚೆಯೇ ತಿಳಿಸಿ.

ಕುಡಿತ ಬಿಟ್ಟು ಮೂರು ನಾಲ್ಕು ವಾರ ಆದರೂ ಬೇಜಾರು ಹೋಗದಿದ್ದರೆ, ಕಿವಿಯಲ್ಲಿ ಮಾತು ಕೇಳುತ್ತಲೇ ಇದ್ದರೆ, ಒಳಗೆ ಬೇರೆ ಕಾಯಿಲೆಯೂ ಇರಬಹುದು. ಹಾಗಿದ್ದಾಗ ಎರಡಕ್ಕೂ ಒಟ್ಟಿಗೇ ಮದ್ದು ಆಗಬೇಕು. ‘ಮೊದಲು ಕುಡಿತ ಬಿಡಲಿ, ಮನಸ್ಸಿಂದು ಆಮೇಲೆ’ ಅಂತ ಯಾರಾದರೂ ವಾಪಸ್ ಕಳಿಸಿದರೆ ಬೇರೆ ಡಾಕ್ಟರ್ ನೋಡಿ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಇದೆಯಾ ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ.

ಪ್ರಶ್ನೆ: ಮಗನಿಗೆ 20 ವರ್ಷ. ಬೆಂಗಳೂರಿನ ಪಿಜಿಯಲ್ಲಿದ್ದು ಎಂಜಿನಿಯರಿಂಗ್ ಓದುತ್ತಿದ್ದಾನೆ. ಹೋದ ಸೆಮಿಸ್ಟರ್ ಎಲ್ಲ ಸಬ್ಜೆಕ್ಟ್ ಹೋಗಿವೆ. ದೀಪಾವಳಿಗೆ ಬಂದವನು ರೂಮು ಬಿಟ್ಟು ಬರುತ್ತಿಲ್ಲ. ಸ್ನಾನ ಇಲ್ಲ, ರಾತ್ರಿಯೆಲ್ಲ ಓಡಾಡುತ್ತಾನೆ. ಫೋನಿನ ಕ್ಯಾಮೆರಾಗೆ ಬ್ಯಾಂಡ್‌ಏಡ್ ಅಂಟಿಸಿದ್ದಾನೆ. ಮೆಸ್ ಊಟಕ್ಕೆ ಏನೋ ಬೆರೆಸುತ್ತಾರೆ ಅನ್ನುತ್ತಾನೆ. ಬ್ಯಾಗಿನಲ್ಲಿ ಗಾಂಜಾ ಸಿಕ್ಕಿತು. ಗಾಂಜಾ ಬಿಡಿಸಿದರೆ ಎಲ್ಲ ಸರಿಹೋಗುತ್ತೆ, ನಾಲ್ಕು ಬಾರಿಸಬೇಕು ಅಂತ ಇವರು.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಾರಿಸೋದು ಬೇಡ, ಕಾಯೋದೂ ಬೇಡ. ಈ ವಾರವೇ ಮನೋವೈದ್ಯರಿಗೆ ತೋರಿಸಿ.

ಬರೀ ಗಾಂಜಾದಿಂದ ಆದ ಅನುಮಾನ, ಭಯ ಸಾಮಾನ್ಯವಾಗಿ ಅದು ನಿಂತ ಕೆಲವು ದಿನ, ಹೆಚ್ಚೆಂದರೆ ಕೆಲವು ವಾರಗಳಲ್ಲಿ ಇಳಿಯುತ್ತೆ. ಇಳಿಯದಿದ್ದರೆ ಸ್ಕಿಜೋಫ್ರೇನಿಯಾದಂಥ, ಅಂದರೆ ಇಲ್ಲದ ಮಾತು ಕೇಳುವ, ಆಧಾರವಿಲ್ಲದ ಅನುಮಾನ ಗಟ್ಟಿಯಾಗುವ ಮಾನಸಿಕ ಕಾಯಿಲೆ ಶುರುವಾಗುತ್ತಿರಬಹುದು. ಅದು ಬಹಳ ಸಲ ಹದಿನೆಂಟರಿಂದ ಇಪ್ಪತ್ತೈದರ ಆಸುಪಾಸಿನಲ್ಲೇ ತಲೆ ಎತ್ತುತ್ತೆ. ಗಾಂಜಾ ಅದನ್ನು ಬೇಗ ಎಬ್ಬಿಸಬಲ್ಲದು, ಮನೆತನದಲ್ಲಿ ಕಾಯಿಲೆ ಇದ್ದರಂತೂ ಇನ್ನೂ ಬೇಗ. ಎಷ್ಟು ಬೇಗ ಔಷಧಿ ಶುರುವಾದರೆ ಅಷ್ಟು ಒಳ್ಳೆಯದು.

ಯಾವುದು ಮೊದಲು ಬಂತು ಅನ್ನೋದು ಡಾಕ್ಟರಿಗೆ ಬಹಳ ಮುಖ್ಯ. ಅದನ್ನು ಹೇಳಬಲ್ಲವರು ಮನೆಯವರು, ಜೊತೆಗಿದ್ದ ಸ್ನೇಹಿತರು. ಅಡುಗೆಮನೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇರುತ್ತಲ್ಲ, ಅದರಲ್ಲೇ ಬರೆಯಿರಿ: ರಾತ್ರಿ ಎಷ್ಟು ಗಂಟೆ ಮಲಗಿದ, ಊಟ ಮಾಡಿದನಾ, ಒಬ್ಬನೇ ನಕ್ಕನಾ ಮಾತಾಡಿದನಾ. ಜೊತೆಗೆ ಪಿಜಿಯ ರೂಮ್‌ಮೇಟಿಗೆ ಫೋನ್ ಮಾಡಿ, ಯಾವ ತಿಂಗಳಿಂದ ಬದಲಾದ, ಗಾಂಜಾ ಅದಕ್ಕೆ ಮುಂಚೆಯಾ ಆಮೇಲಾ ಅಂತ ಕೇಳಿ. ‘ಹೇಗೇಗೋ ಆಡ್ತಾನೆ ಡಾಕ್ಟ್ರೇ’ ಅನ್ನೋದಕ್ಕಿಂತ ‘ಆಗಸ್ಟ್‌ನಿಂದ ನಿದ್ದೆ ಕಡಿಮೆ ಆಯ್ತು, ಸೆಪ್ಟೆಂಬರ್‌ನಲ್ಲಿ ಕ್ಲಾಸಿಗೆ ಹೋಗೋದು ಬಿಟ್ಟ’ ಅನ್ನುವ ಒಂದು ಸಾಲು ನಮಗೆ ಯಾವ ಸ್ಕ್ಯಾನಿಗಿಂತಲೂ ಜಾಸ್ತಿ ಹೇಳುತ್ತೆ.

ಊಟಕ್ಕೆ ಏನೋ ಬೆರೆಸಿದ್ದಾರೆ ಅಂದಾಗ ‘ನಿನ್ನ ತಲೆ’ ಅನ್ನಬೇಡಿ, ‘ಹೌದು’ ಅಂತಲೂ ತಲೆಯಾಡಿಸಬೇಡಿ. ‘ನನಗೆ ಹಾಗೆ ಅನ್ನಿಸಲಿಲ್ಲ ಮಗ, ಆದರೆ ನಿನಗೆ ಭಯ ಆಗ್ತಿದೆ ಅಂತ ಗೊತ್ತಾಗುತ್ತೆ. ನಿದ್ದೆನೇ ಬರ್ತಿಲ್ಲ ಅಲ್ವಾ? ನಿದ್ದೆಗೆ ಏನಾದರೂ ಕೊಡ್ತಾರೆ, ಹೋಗೋಣ’ ಅನ್ನಿ. ಕಾಯಿಲೆ ಇದೆ ಅಂತ ಒಪ್ಪದವರೂ ನಿದ್ದೆಯ ವಿಷಯಕ್ಕೆ ಒಪ್ಪುತ್ತಾರೆ.

‘ಸಾಯಬೇಕು ಅನ್ನಿಸುತ್ತಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ್ದನ್ನು ತಲೆಗೆ ತುಂಬಿದಂತೆ ಅನ್ನೋದು ಸುಳ್ಳು. ಹೌದು ಅಂದರೆ ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಅಡಿಕೆಗೋ ಮೆಕ್ಕೆಜೋಳಕ್ಕೋ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಇವತ್ತೇ ಆಚೆ ಸಾಗಿಸಿ. ಬೀಗ ಹಾಕಿದರೆ ಸಾಲದು, ಬೀಗದ ಕೈ ಎಲ್ಲಿದೆ ಅಂತ ಮಕ್ಕಳಿಗೆ ಗೊತ್ತಿರುತ್ತೆ.

ಬರೋಲ್ಲ ಅಂದರೆ ಮೊದಲು ನೀವೇ ಹೋಗಿ ಡಾಕ್ಟರನ್ನು ಕಾಣಿ, ಇಲ್ಲವೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 2022ರಲ್ಲಿ ಶುರುವಾಯಿತು. ಹಗಲು ರಾತ್ರಿ ಇರುತ್ತೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ತನಗೋ ಇನ್ನೊಬ್ಬರಿಗೋ ಅಪಾಯ ಮಾಡಿಕೊಳ್ಳುವ ಸ್ಥಿತಿ ಬಂದರೆ, ಅವನು ಒಪ್ಪದಿದ್ದರೂ ಮನೆಯವರ ಅರ್ಜಿ ಮೇಲೆ ಪರೀಕ್ಷೆ ಮಾಡಿ 30 ದಿನದವರೆಗೆ ದಾಖಲು ಮಾಡಿಕೊಳ್ಳೋಕೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ದಾರಿ ಇದೆ. ‘ಬಿಡಿಸಿಕೊಡುತ್ತೇವೆ’ ಅಂತ ರಾತ್ರೋರಾತ್ರಿ ವ್ಯಾನಿನಲ್ಲಿ ಎತ್ತಿಕೊಂಡು ಹೋಗುವ ಕೇಂದ್ರಗಳ ಕೈಗೆ ಮಾತ್ರ ಮಗನನ್ನು ಕೊಡಬೇಡಿ. ಸರಪಳಿ ಹಾಕಿ ಕಟ್ಟೋದನ್ನು ಇದೇ ಕಾಯ್ದೆ ನಿಷೇಧಿಸಿದೆ. ಒಂದು ವರ್ಷ ಓದು ಹೋದರೆ ಹೋಗಲಿ. ಕಾಲೇಜಿಗೆ ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟು ಕೇಳಿಕೊಳ್ಳಬಹುದು.

ಪ್ರಶ್ನೆ: ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ ‘ಕುಡಿಯುವವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ’ ಅಂತ ಪೋಸ್ಟರ್ ನೋಡಿದೆ. ಪುಡಿಯನ್ನು ಸಾರಿಗೆ ಬೆರೆಸಿದರೆ ಸಾಕಂತೆ. ತಮ್ಮನಿಗೆ ಕೊಡಬಹುದಾ?
– ಹುಬ್ಬಳ್ಳಿ

ಉತ್ತರ: ಬೇಡ. ಅದರಲ್ಲಿ ಏನಿದೆ ಅಂತ ಪೊಟ್ಟಣದ ಮೇಲೆ ಬರೆದಿರೋದಿಲ್ಲ. ಡೈಸಲ್ಫಿರಾಂ ಅನ್ನುವ ಮಾತ್ರೆ ಬೆರೆತಿದ್ದರೆ, ತಮ್ಮ ಅದರ ಮೇಲೆ ಕುಡಿದಾಗ ಮುಖ ಕೆಂಪಗಾಗಿ, ವಾಂತಿಯಾಗಿ, ಬಿಪಿ ಕುಸಿದು ಜೀವಕ್ಕೇ ಬರಬಹುದು. ಅದೇ ಮಾತ್ರೆಯನ್ನು ನಾವೂ ಬರೆಯುತ್ತೇವೆ. ಆದರೆ ರೋಗಿಗೆ ಹೇಳಿ, ಒಪ್ಪಿಗೆ ಪಡೆದು, ಹೃದಯ, ಲಿವರ್ ನೋಡಿದ ಮೇಲೆ. ಕೊನೆಯ ಮಾತ್ರೆ ಆದ ಎರಡು ವಾರದವರೆಗೂ ಅದರ ಪ್ರಭಾವ ಇರಬಹುದು. ಈಗಾಗಲೇ ಬೆರೆಸಿದ್ದರೆ ಆ ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ. ಜೊತೆಗೆ ತಮ್ಮನಿಗೂ ನಿಜ ಹೇಳಿ. ತಾನಾಗಿ ಗೊತ್ತಾದರೆ ಅವನು ಮನೆ ಊಟವನ್ನೇ ನಂಬೋದಿಲ್ಲ. ನಿಮಗೆ ಹತ್ತಿರದಲ್ಲೇ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ವ್ಯಸನಮುಕ್ತಿಗೆ ಅಂತಲೇ 14446 ಸಹಾಯವಾಣಿಯೂ ಇದೆ.

ಪ್ರಶ್ನೆ: ಅಮ್ಮನಿಗೆ 62. ಅಪ್ಪ ತೀರಿಕೊಂಡಾಗ ನಿದ್ದೆಗೆ ಅಂತ ಡಾಕ್ಟರ್ ಬರೆದ ಆಲ್ಪ್ರಜೋಲಾಮ್ ಆರು ವರ್ಷದಿಂದ ನಡೆದೇ ಇದೆ. ಅರ್ಧ ಇದ್ದದ್ದು ಈಗ ಎರಡು. ಇದೂ ಚಟವಾ? ಸುಮ್ನೆ ಬಚ್ಚಿಟ್ಟುಬಿಡಲಾ?
– ಮೈಸೂರು

ಉತ್ತರ: ಬಚ್ಚಿಡಬೇಡಿ. ಮಾತ್ರೆ ಕಾಣದ ದಿನ ಅವರು ಚಡಪಡಿಸುತ್ತಾರೆ ಅಂತಾದರೆ ಮೈ ಅದಕ್ಕೆ ಒಗ್ಗಿಹೋಗಿದೆ. ಒಮ್ಮೆಗೇ ನಿಂತರೆ ಇದರಲ್ಲೂ ಫಿಟ್ಸ್ ಬರಬಹುದು. ಮನೋವೈದ್ಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ತೆಗೆದುಕೊಂಡು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಅಲ್ಲಿಯ ತನಕ ರಾತ್ರಿ ಬಾತ್‌ರೂಮಿನ ದೀಪ ಹಾಕಿಯೇ ಇರಲಿ, ಈ ವಯಸ್ಸಿಗೆ ಇದರ ಅಮಲಲ್ಲಿ ಬಿದ್ದು ಸೊಂಟ ಮುರಿದುಕೊಳ್ಳೋದು ಜಾಸ್ತಿ. ಅಮ್ಮನಿಗೆ ಅಪ್ಪ ಹೋದ ದುಃಖ ಇನ್ನೂ ಹಾಗೇ ಇದೆಯಾ, ಬೆಳಗಿನ ಜಾವ ಮೂರಕ್ಕೇ ಎಚ್ಚರ ಆಗುತ್ತಾ, ಊಟ ರುಚಿಸುತ್ತಾ ಅಂತ ಕೇಳಿ ನೋಡಿ. ಖಿನ್ನತೆ ಇದ್ದರೆ ಅದಕ್ಕೆ ಬೇರೆ ಔಷಧಿ ಬೇಕು. ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ, ಬಿಪಿದು, ಶುಗರಿಂದು ಎಲ್ಲ.