ಲಿನಕ್ಸ್ ಸರ್ವರ್, ನೆಟ್‌ವರ್ಕಿಂಗ್ ಕಲಿಯಲು ಊರು ಬಿಟ್ಟು ಬೆಂಗಳೂರಿಗೆ ಹೋಗಲೇಬೇಕೇ?

ಬಿ.ಕಾಂ. ಮುಗಿದಿದೆ, ಮನೆ ಕಾಪುವಿನಲ್ಲಿ, ಓದಿದ್ದು ಕನ್ನಡ ಮಾಧ್ಯಮ, ಕೈಯಲ್ಲಿರುವುದು 4 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್. ಸಾಲ ಮಾಡಿಯಾದರೂ ಬೆಂಗಳೂರಿನ ಕೋರ್ಸಿಗೆ ಸೇರಲೇ ಎಂದು ಕೇಳಿದ್ದೀರಿ. ಈಗಲೇ ಬೇಡ. ಮಂಗಳೂರಿನಲ್ಲಿ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ ಮಾಡುತ್ತಿರುವವನಾಗಿ ಹೇಳುತ್ತಿದ್ದೇನೆ. ಕಲಿಯಲು ಬೇಕಾದ ಯಂತ್ರ ನಿಮ್ಮಲ್ಲಿದೆ, ಅದನ್ನು ಪರೀಕ್ಷಿಸುವ ಮಳೆಗಾಲ ನಮ್ಮ ಊರಿನಲ್ಲಿದೆ.

ಲ್ಯಾಪ್‌ಟಾಪಿನಲ್ಲಿರುವ ಕಡತಗಳನ್ನು ಬೇರೆಡೆ ಉಳಿಸಿಕೊಂಡು, ಈಗಿರುವ ವ್ಯವಸ್ಥೆಯ ಬದಲು ಲಿನಕ್ಸ್‌ನ ಒಂದು ಆವೃತ್ತಿಯಾದ ಡೆಬಿಯನ್ ಹಾಕಿ. ಏನೇನು ಬೇಕೆಂದು ಅದು ಕೇಳುವ ಹಂತದಲ್ಲಿ ಡೆಸ್ಕ್‌ಟಾಪಿನ ಗುರುತು ತೆಗೆದು, ಬೇರೆ ಯಂತ್ರದಿಂದ ಇದರೊಳಗೆ ಬಂದು ಕೆಲಸ ಮಾಡಲು ಬೇಕಾದ ಎಸ್‌ಎಸ್‌ಎಚ್ ಸರ್ವರ್ ಮಾತ್ರ ಉಳಿಸಿ. ಆಜ್ಞೆಗಳನ್ನಷ್ಟೇ ಟೈಪಿಸುವ ಕಪ್ಪು ಪರದೆಯಲ್ಲಿ ಕೆಲಸ ಮಾಡುವಾಗ 4 ಜಿಬಿ ಧಾರಾಳವಾಗಿ ಸಾಕು. ಆಮೇಲೆ ಅದಕ್ಕೊಂದು ನಿಜವಾದ ಮನೆಗೆಲಸ ಕೊಡಿ. ಕಡತಗಳನ್ನು ಮನೆಯವರೊಂದಿಗೆ ಹಂಚಿಕೊಳ್ಳುವ ಸಾಂಬಾ ಹಾಕಿ, ಎಲ್ಲರ ಫೋಟೊಗಳು ಅದರಲ್ಲಿ ಉಳಿಯುವಂತೆ ಮಾಡಿ. ಡಿಎನ್‌ಎಸ್‌ಮಾಸ್ಕ್ ಹಾಕಿ, ಮನೆಯ ಮೊಬೈಲುಗಳೆಲ್ಲ ಜಾಲತಾಣಗಳ ವಿಳಾಸವನ್ನು ಈ ಯಂತ್ರದ ಬಳಿಯೇ ಕೇಳುವಂತೆ ಮಾಡಿ. ಅದು ಕೈಕೊಟ್ಟ ಸಂಜೆ ಅಮ್ಮ ಬಂದು "ಇಂಟರ್‌ನೆಟ್ ಯಾಕೆ ಬರುತ್ತಿಲ್ಲ?" ಎಂದು ಕೇಳುತ್ತಾರೆ. ನನ್ನನ್ನು ದಿನವೂ ಕಚೇರಿಯಲ್ಲಿ ಕೇಳುವುದು ಇದೇ ಪ್ರಶ್ನೆ. ಯಾರಿಗೂ ಬೇಡವಾದ ಯಂತ್ರದ ಮೇಲೆ ಎಷ್ಟು ಆಜ್ಞೆಗಳನ್ನು ಕುಟ್ಟಿದರೂ ಈ ಒತ್ತಡದ ಅನುಭವ ಸಿಗುವುದಿಲ್ಲ.

ಎಲ್ಲ ಸರಿಯಾಯಿತು ಎನ್ನಿಸಿದ ದಿನ ಯಂತ್ರವನ್ನು ರೀಬೂಟ್ ಮಾಡಿ, ಏನನ್ನೂ ಮುಟ್ಟದೆ ಕಾಯಿರಿ. ಜೂನ್ ತಿಂಗಳಲ್ಲಾದರೆ ಈ ಪರೀಕ್ಷೆಯನ್ನು ಕರೆಂಟೇ ಮಾಡಿಕೊಡುತ್ತದೆ. ಕೈಯಿಂದ ಕೊಟ್ಟ ಐಪಿ ವಿಳಾಸ ಮಾಯವಾಗಿರುತ್ತದೆ, ಏಕೆಂದರೆ ಅದನ್ನು ಸಂರಚನೆಯ ಕಡತದಲ್ಲಿ ಬರೆದಿರಲಿಲ್ಲ. ನೀವೇ ಬರೆದ ಸೇವೆ (ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಎದ್ದಿರುವುದಿಲ್ಲ. ಸೇವೆಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಂಡಿಯಲ್ಲಿ ಸ್ಟಾರ್ಟ್ ಎಂದರೆ ಈಗ ಶುರುಮಾಡು ಎಂದಷ್ಟೇ ಅರ್ಥ, ಮುಂದಿನ ಬೂಟಿನಲ್ಲೂ ಏಳಬೇಕಾದರೆ ಎನೇಬಲ್ ಎನ್ನಬೇಕು. ಡೆಬಿಯನ್‌ನಲ್ಲಿ ಪ್ಯಾಕೇಜ್ ಹಾಕಿದಾಗ ಇವೆರಡೂ ಸಾಮಾನ್ಯವಾಗಿ ತಾವಾಗಿಯೇ ಆಗುತ್ತವೆ, ರೆಡ್ ಹ್ಯಾಟ್ ಕಂಪನಿಯ ಲಿನಕ್ಸ್ ಕುಟುಂಬದಲ್ಲಿ ನೀವೇ ಹೇಳಬೇಕು. ಹೊರಗಿನ ಯುಎಸ್‌ಬಿ ಡಿಸ್ಕನ್ನು, ಬೂಟಿನಲ್ಲಿ ಜೋಡಿಸಬೇಕಾದ ಡಿಸ್ಕುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಬರೆದು, ಅದನ್ನು ಕಿತ್ತು ಬೂಟ್ ಮಾಡಿ ನೋಡಿ. ಒಂದೂವರೆ ನಿಮಿಷ ಆ ಡಿಸ್ಕಿಗಾಗಿ ಕಾದು ಯಂತ್ರ ತುರ್ತು ಸ್ಥಿತಿಗೆ ಹೋಗಿ ನಿಂತುಬಿಡುತ್ತದೆ. ಆ ಸಾಲಿಗೆ ನೋಫೇಲ್ ಎಂಬ ಒಂದು ಪದ ಸೇರಿಸಿದ್ದರೆ ಡಿಸ್ಕ್ ಇಲ್ಲದೆಯೂ ಏಳುತ್ತಿತ್ತು. ಇವನ್ನು ಮನೆಯಲ್ಲಿ ಒಮ್ಮೆ ಅನುಭವಿಸಿದವರು ಕಚೇರಿಯ ಸರ್ವರಿನಲ್ಲಿ ಮರೆಯುವುದಿಲ್ಲ.

ಇಂಗ್ಲಿಷಿನ ಬಗ್ಗೆ ನೀವು ಅಂಜಿದ್ದೀರಿ. ನಾನೂ ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿಯೇ ಓದಿದವನು. ಈ ಕೆಲಸಕ್ಕೆ ಬೇಕಾದ ಇಂಗ್ಲಿಷ್ ಕಡಿಮೆ, ಆದರೆ ಅದನ್ನು ಅಕ್ಷರ ಬಿಡದೆ ಓದಬೇಕು. "ಕನೆಕ್ಷನ್ ರಿಫ್ಯೂಸ್ಡ್" ಎಂದರೆ ಸಾಮಾನ್ಯವಾಗಿ ಮನೆ ಸಿಕ್ಕಿತು, ಬಾಗಿಲು ತಟ್ಟಿದಾಗ ಇಲ್ಲಿ ಅಂಥವರು ಯಾರೂ ಇಲ್ಲ ಎಂಬ ಉತ್ತರವೂ ಬಂತು ಎಂದು ಅರ್ಥ; ಯಂತ್ರ ಜೀವಂತವಿದೆ, ಆ ಪೋರ್ಟಿನಲ್ಲಿ, ಅಂದರೆ ಆ ಬಾಗಿಲಿನಲ್ಲಿ, ಕೇಳುವ ಸೇವೆ ಇಲ್ಲ. "ಕನೆಕ್ಷನ್ ಟೈಮ್ಡ್ ಔಟ್" ಎಂದರೆ ಎಷ್ಟು ಕರೆದರೂ ಒಳಗಿನಿಂದ ಸದ್ದಿಲ್ಲ. ಸಂಚಾರವನ್ನು ತಡೆಯುವ ಫೈರ್‌ವಾಲ್ ನುಂಗಿರಬಹುದು, ದಾರಿಯಲ್ಲಿ ಕಳೆದಿರಬಹುದು. "ನೇಮ್ ಆರ್ ಸರ್ವಿಸ್ ನಾಟ್ ನೋನ್" ಎಂದು ಬಂದರೆ ಮನೆ ಹುಡುಕಲು ಹೊರಟೇ ಇಲ್ಲ, ವಿಳಾಸವೇ ಸಿಕ್ಕಿಲ್ಲ, ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ನೋಡಿ. ಮೂರಕ್ಕೂ "ನೆಟ್ ಇಲ್ಲ" ಎಂಬ ಒಂದೇ ದೂರು ಬರುತ್ತದೆ, ಮೂರರ ಮದ್ದು ಬೇರೆ ಬೇರೆ.

ನೆಟ್‌ವರ್ಕ್ ಕಲಿಯಲು ಸ್ವಿಚ್, ರೌಟರ್ ಎಂದು ಹಣ ಸುರಿಯಬೇಡಿ. ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿಯೇ ನೆಟ್‌ವರ್ಕ್ ನೇಮ್‌ಸ್ಪೇಸ್ ಎಂಬ ಸೌಲಭ್ಯವಿದೆ. ಒಂದೇ ಯಂತ್ರದೊಳಗೆ, ತನ್ನದೇ ವಿಳಾಸ ಮತ್ತು ತನ್ನದೇ ದಾರಿಪಟ್ಟಿ ಇರುವ ಕೋಣೆಗಳನ್ನು ಕಟ್ಟಿಕೊಳ್ಳಬಹುದು. ಮೂರು ಕೋಣೆ ಮಾಡಿ. ಎಡಗಡೆಯದಕ್ಕೆ 10.0.1.2, ಬಲಗಡೆಯದಕ್ಕೆ 10.0.2.2, ನಡುವಿನದಕ್ಕೆ ಎರಡೂ ಕಡೆಗೆ ಒಂದೊಂದು ಕಾಲು, ಅಂದರೆ ಎರಡೂ ಜಾಲಗಳಲ್ಲಿ ಒಂದೊಂದು ವಿಳಾಸ. ಎಡದಿಂದ ಬಲಕ್ಕೆ ಪಿಂಗ್ (ಇದ್ದೀಯಾ ಎಂದು ಕೇಳಿ ಉತ್ತರಕ್ಕೆ ಕಾಯುವ ಸಣ್ಣ ಸಂದೇಶ) ಕಳುಹಿಸಿದರೆ ಹೋಗುವುದಿಲ್ಲ, ಎಡಕೋಣೆಗೆ ದಾರಿಯೇ ಗೊತ್ತಿಲ್ಲ. ಪಕ್ಕದ ಮನೆಗೆ ನಾವು ನಡೆದೇ ಹೋಗುತ್ತೇವೆ. ಸುಳ್ಯದಾಚೆಯ ಯಾವುದೋ ಹಳ್ಳಿಗಾದರೆ ಮೊದಲು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ವಿಚಾರಿಸುತ್ತೇವೆ, ಮುಂದಿನ ದಾರಿ ಅಲ್ಲಿಯವರಿಗೆ ಗೊತ್ತು. ಡೀಫಾಲ್ಟ್ ಗೇಟ್‌ವೇ ಎಂದರೆ ಆ ಸ್ಟೇಟ್ ಬ್ಯಾಂಕ್. ಅದನ್ನು ಎಡಕೋಣೆಗೆ ಹೇಳಿಕೊಟ್ಟರೂ ಪಿಂಗ್ ದಾಟುವುದಿಲ್ಲ, ಏಕೆಂದರೆ ನಡುವಿನ ಕೋಣೆಯಲ್ಲಿ ಐಪಿ ಫಾರ್ವರ್ಡಿಂಗ್, ಅಂದರೆ ಒಂದು ಕಡೆಯಿಂದ ಬಂದದ್ದನ್ನು ಇನ್ನೊಂದು ಕಡೆಗೆ ದಾಟಿಸುವ ಸೌಲಭ್ಯ, ಸಾಮಾನ್ಯವಾಗಿ ಸೊನ್ನೆಯಲ್ಲಿರುತ್ತದೆ. ಆ ಸೊನ್ನೆಯನ್ನು 1 ಮಾಡಿದರೂ ಉತ್ತರವಿಲ್ಲ! ಈಗ ಬಲಕೋಣೆಯಲ್ಲಿ, ಬಂದುಹೋಗುವ ಸಂದೇಶಗಳನ್ನು ತೋರಿಸುವ ಟಿಸಿಪಿಡಂಪ್ ಓಡಿಸಿ. ಪ್ರಶ್ನೆಗಳು ಒಂದೊಂದಾಗಿ ಬಂದು ತಲುಪುತ್ತಿರುವುದು ಕಾಣಿಸುತ್ತದೆ, ಮರಳಿ ಹೋಗುವ ಉತ್ತರ ಒಂದೂ ಇಲ್ಲ. ಹೋಗುವ ದಾರಿ ಬರೆದು ಬರುವ ದಾರಿಯನ್ನು ಮರೆತಿದ್ದೀರಿ. ನಾನು ತಿದ್ದಿದ ನೆಟ್‌ವರ್ಕ್ ದೋಷಗಳಲ್ಲಿ ಈ ಜಾತಿಯವು ಲೆಕ್ಕವಿಲ್ಲದಷ್ಟು.

ಒಂದು ಘಟನೆಯನ್ನು ವಿವರವಾಗಿ ಹೇಳುತ್ತೇನೆ. ಕಂಕನಾಡಿಯ ಚಿಕ್ಕ ಕಚೇರಿಯೊಂದಕ್ಕೆ ಲಿನಕ್ಸ್ ಗೇಟ್‌ವೇ ಕೂರಿಸಿದ್ದೆ. ಮರುದಿನ ದೂರು ಬಂತು: ಮೇಲ್ ಹೋಗುತ್ತದೆ, ಬಿಲ್ಲಿನ ಪಿಡಿಎಫ್ ಲಗತ್ತಿಸಿದರೆ ಅರ್ಧದಲ್ಲಿ ನಿಲ್ಲುತ್ತದೆ. ಪಿಂಗ್ ಸರಿಯಿತ್ತು, ಡಿಎನ್‌ಎಸ್ ಸರಿಯಿತ್ತು, ಜಾಲತಾಣಗಳು ತೆರೆಯುತ್ತಿದ್ದವು. ಎರಡು ದಿನ ಮೇಲ್ ಸರ್ವರಿನವರನ್ನೇ ಸಂಶಯಿಸಿದೆ. ಮೂರನೆಯ ದಿನ, ತುಂಡರಿಸಬಾರದು ಎಂಬ ಸೂಚನೆಯೊಂದಿಗೆ ಬೇರೆ ಬೇರೆ ಗಾತ್ರದ ಪಿಂಗ್ ಕಳುಹಿಸಿದೆ. 1472 ಬೈಟಿಗೆ ಉತ್ತರವಿಲ್ಲ. 1400ಕ್ಕೆ ಇದೆ. ಹೀಗೆ ಏರಿಸುತ್ತ ಹೋದಾಗ 1464ಕ್ಕೆ ಉತ್ತರ ಬಂತು, 1465ಕ್ಕೆ ಬರಲಿಲ್ಲ. 1464ಕ್ಕೆ ತಲೆಬರಹಗಳ 28 ಸೇರಿಸಿದರೆ 1492. ಈಥರ್‌ನೆಟ್ (ತಂತಿಯ ಜಾಲ) 1500 ಬೈಟಿನ ಪ್ಯಾಕೆಟ್, ಅಂದರೆ ಮಾಹಿತಿಯ ಕಟ್ಟು, ಹೊರುತ್ತದೆ; ಆ ಕಚೇರಿಯ ಸಂಪರ್ಕ ಪಿಪಿಪಿಒಇ (ಇಂಟರ್‌ನೆಟ್ ಕಂಪನಿಗೆ ಲಾಗಿನ್ ಆಗಿ ಸಂಪರ್ಕ ಪಡೆಯುವ ವಿಧಾನ) ಮೂಲಕ ಇದ್ದುದರಿಂದ ಅದರಲ್ಲಿ 8 ಬೈಟ್ ಆ ಹೊದಿಕೆಗೇ ಹೋಗುತ್ತದೆ. ದೊಡ್ಡ ಪ್ಯಾಕೆಟ್ ಬಂದಾಗ "ಇದು ಹಿಡಿಸುವುದಿಲ್ಲ, ಚಿಕ್ಕದು ಕಳುಹಿಸು" ಎಂದು ಗೇಟ್‌ವೇ ಕಂಪ್ಯೂಟರಿಗೆ ಐಸಿಎಂಪಿ (ಜಾಲದ ದೋಷ, ಸ್ಥಿತಿಗಳನ್ನು ತಿಳಿಸುವ ವಿಧಾನ) ಸಂದೇಶ ಕೊಡಬೇಕಿತ್ತು. ಗೇಟ್‌ವೇಗೇ ಬರುವ, ಅಲ್ಲಿಂದಲೇ ಹೊರಡುವ ಐಸಿಎಂಪಿಯನ್ನೆಲ್ಲ (ಅದರ ಮೂಲಕ ಹಾದುಹೋಗುವುದನ್ನಲ್ಲ) ನಾನೇ ಫೈರ್‌ವಾಲ್‌ನಲ್ಲಿ ಮುಚ್ಚಿದ್ದೆ, ಐಸಿಎಂಪಿ ಎಂದರೆ ಬರೀ ಪಿಂಗ್ ಎಂದು ತಿಳಿದು. ಕಂಪ್ಯೂಟರ್ ಅದೇ ದೊಡ್ಡ ಪ್ಯಾಕೆಟನ್ನು ಮತ್ತೆ ಮತ್ತೆ ಕಳುಹಿಸುತ್ತಿತ್ತು, ಗೇಟ್‌ವೇ ಮಾತಿಲ್ಲದೆ ಎಸೆಯುತ್ತಿತ್ತು. ಆ ಸಂದೇಶಕ್ಕೆ ದಾರಿ ಬಿಟ್ಟು, ಟಿಸಿಪಿಯ (ಮೇಲ್, ಜಾಲತಾಣಗಳು ಬಳಸುವ ಸಾಗಣೆ ವಿಧಾನ) ಗರಿಷ್ಠ ತುಣುಕನ್ನು, ಅದರ ತಲೆಬರಹಗಳಿಗೂ ಜಾಗ ಬಿಟ್ಟು, 1452ಕ್ಕೆ ಇಳಿಸಿದ ಕ್ಷಣವೇ ಬಿಲ್ಲುಗಳು ಹೊರಟವು. ಎಂಟು ಬೈಟ್! ಅಂದಿನಿಂದ ಯಾವುದನ್ನು ಮುಚ್ಚುತ್ತಿದ್ದೇನೆ ಎಂದು ತಿಳಿಯದೆ ಒಂದು ಸಾಲನ್ನೂ ಫೈರ್‌ವಾಲ್‌ಗೆ ಸೇರಿಸಿಲ್ಲ.

ಕಡಲ ತೀರದವರು ತಂತಿಯನ್ನೂ ಮರೆಯಬಾರದು. ಮಲ್ಪೆ ಕಡೆಯ ಮನೆಯೊಂದರಲ್ಲಿ 1000 ಮೆಗಾಬಿಟ್ ಇರಬೇಕಾದ ಸಂಪರ್ಕ 100ಕ್ಕೆ ಇಳಿದಿತ್ತು. ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ನುಗಳು ಕಿಲುಬು ಹಿಡಿದಿದ್ದವು. ಗಿಗಾಬಿಟ್‌ಗೆ ನಾಲ್ಕೂ ಜೊತೆ ತಂತಿ ಬೇಕು, 100ಕ್ಕೆ ಎರಡೇ ಸಾಕು. ಈಥ್‌ಟೂಲ್ ಎಂಬ ಆಜ್ಞೆ ಆ ವೇಗವನ್ನು ಒಂದೇ ಸಾಲಿನಲ್ಲಿ ತೋರಿಸುತ್ತದೆ. ಮತ್ತೆ, ಗುಡುಗು ಶುರುವಾದ ಕೂಡಲೇ ಕರೆಂಟಿನ ಪ್ಲಗ್ಗನ್ನೂ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ.

ಇನ್ನು ಕೋರ್ಸಿನ ಮಾತು. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ ಎಂಬ ಪ್ರಮಾಣಪತ್ರದ ಪರೀಕ್ಷೆಯಲ್ಲಿ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳಿಲ್ಲ. ಯಂತ್ರ ಕೊಟ್ಟು ಕೆಲಸ ಮಾಡಿಸುತ್ತಾರೆ, ರೀಬೂಟ್ ಆದ ಮೇಲೆಯೂ ಅದು ಉಳಿದಿರಬೇಕು. 300ಕ್ಕೆ 210 ಅಂಕ ಬಂದರೆ ತೇರ್ಗಡೆ. ಮನೆಯಲ್ಲಿ ಆರು ತಿಂಗಳು ಕಳೆದ ಮೇಲೆ ರೆಡ್ ಹ್ಯಾಟ್ ಲಿನಕ್ಸ್‌ಗೆ ಹೊಂದುವ ಉಚಿತ ಆವೃತ್ತಿಗಳಾದ ರಾಕಿ ಲಿನಕ್ಸ್ ಅಥವಾ ಆಲ್ಮಾಲಿನಕ್ಸ್ ಹಾಕಿ ಅದಕ್ಕೆ ಸಿದ್ಧರಾಗಿ. ಅದೇ ಕುಟುಂಬದ ಸೆಂಟ್‌ಓಎಸ್ 8 ಹಾಕಿ ಎಂದು ಹೇಳುವ ಟಿಪ್ಪಣಿಗಳನ್ನು ಬದಿಗಿಡಿ, ಅದರ ಬೆಂಬಲ 2021ರ ಡಿಸೆಂಬರ್ 31ಕ್ಕೆ ಮುಗಿದಿದೆ. ಇಫ್‌ಕಾನ್ಫಿಗ್, ನೆಟ್‌ಸ್ಟ್ಯಾಟ್ ಎಂದು ಮಾತ್ರ ಕಲಿಸುವ ಪಾಠಗಳೂ ಹಳೆಯವು, ಈಗ ಐಪಿ ಮತ್ತು ಎಸ್‌ಎಸ್ ಆಜ್ಞೆಗಳನ್ನು ಬಳಸುತ್ತೇವೆ. ಆರು ತಿಂಗಳ ನಂತರವೂ ಕೋರ್ಸ್ ಬೇಕೆನ್ನಿಸಿದರೆ ಹೋಗಿ. ಆಗ ಕಲಿಸುವವರನ್ನು ಏನು ಕೇಳಬೇಕೆಂಬುದು ನಿಮಗೆ ತಿಳಿದಿರುತ್ತದೆ, ಹಣವೂ ವ್ಯರ್ಥವಾಗುವುದಿಲ್ಲ.

ಮೂರು ಕೋಣೆಗಳ ಅಭ್ಯಾಸದಲ್ಲಿ ಎಲ್ಲಿಯಾದರೂ ಸಿಕ್ಕಿಕೊಂಡರೆ ಈ ಉತ್ತರದ ಕೆಳಗೆ ಬರೆಯಿರಿ. ಮೂರೂ ಕೋಣೆಗಳ ದಾರಿಪಟ್ಟಿ ಮತ್ತು ಪರದೆಯ ಮೇಲೆ ಬಂದ ದೋಷದ ಸಾಲನ್ನು ಇದ್ದ ಹಾಗೆಯೇ ಹಾಕಿ, ರಾತ್ರಿ ಕೆಲಸ ಮುಗಿಸಿ ಬಂದು ನೋಡುತ್ತೇನೆ.