ಓದುಗರ ಪ್ರಶ್ನೆ: ಆಸ್ಟ್ರೇಲಿಯಾದ ಸಾರೋಟು, ಮದ್ರಾಸಿಗೆ ಬಂದಿಳಿದ ಕುದುರೆ

ಪ್ರಶ್ನೆ: ಮಗಳ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋದಾಗ ಮ್ಯೂಸಿಯಂನಲ್ಲಿ ‘ಕಾಬ್ ಅಂಡ್ ಕೋ’ ಅಂತ ಬರೆದ ಹಳೇ ಸಾರೋಟು ನೋಡಿದೆವು. ಅಡಿಯಲ್ಲಿ ಸ್ಪ್ರಿಂಗೇ ಇಲ್ಲ, ಬರೀ ಚರ್ಮದ ಪಟ್ಟಿ! ಅದರಲ್ಲಿ ಜನ ಹೇಗೆ ಕೂರುತ್ತಿದ್ದರು?
– ಓದುಗರು, ತುಮಕೂರು

ಉತ್ತರ: ಕಾಬ್ ಅಂಡ್ ಕೋ ಅಂದರೆ ಸಾರೋಟು ಓಡಿಸುತ್ತಿದ್ದ ಕಂಪನಿ, ಆ ಪಟ್ಟಿಯಿಂದಲೇ ಅದು ಬದುಕಿದ್ದು. 1851ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತ್ಯದಲ್ಲಿ ಚಿನ್ನ ಸಿಕ್ಕಿತು. ಜನ ಬೆಂಡಿಗೋ ಕಡೆ ಎದ್ದುಬಿದ್ದು ಓಡಿದರು, ರಸ್ತೆ ಮಾತ್ರ ಹೆಸರಿಗಷ್ಟೇ ಇತ್ತು. ಉಕ್ಕಿನ ಸ್ಪ್ರಿಂಗಿನ ಗಾಡಿಗಳು ಆ ಗುಂಡಿಗಳಿಗೆ ತಾಳಲಿಲ್ಲ. ಫ್ರೀಮನ್ ಕಾಬ್ ಮತ್ತು ಅವನ ಜೊತೆಗಾರರು ಅಮೆರಿಕದವರು. ಅವರು ತಮ್ಮ ದೇಶದ ಚರ್ಮದ ಪಟ್ಟಿಯ ಗಾಡಿಗಳನ್ನು 1854ರ ಜನವರಿಯಲ್ಲಿ ಮೆಲ್ಬರ್ನ್‌ನಿಂದ ಓಡಿಸಲು ಶುರು ಮಾಡಿದರು. ದಪ್ಪ ಚರ್ಮವನ್ನು ಪದರ ಪದರವಾಗಿ ಸೇರಿಸಿದ ಎರಡು ಪಟ್ಟಿಗಳ ಮೇಲೆ ಗಾಡಿಯ ಒಡಲು ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಚಕ್ರ ಗುಂಡಿಗೆ ಬಿದ್ದರೆ ಪೆಟ್ಟು ನೇರವಾಗಿ ಸೊಂಟಕ್ಕೆ ಬರುತ್ತಿರಲಿಲ್ಲ, ಆದರೆ ಓಲಾಟಕ್ಕೆ ಹೊಟ್ಟೆ ತೊಳಸುವುದು ಇದ್ದೇ ಇತ್ತು. ಹೊರಗೆ ಗಾಡಿ ಹೊಡೆಯುವವನ ಪಕ್ಕದ ಸೀಟಿಗೆ ಜಾಸ್ತಿ ಬೇಡಿಕೆ!

ಇನ್ನೊಂದು ವಿಷಯ. ಕರಾವಳಿ ಕಡೆ ಮಾಡಿದ ಸಾರೋಟುಗಳು ಕ್ವೀನ್ಸ್‌ಲ್ಯಾಂಡಿನ ಒಳನಾಡಿನ ಒಣ ಹವೆಗೆ ಮರ ಕುಗ್ಗಿ ಸಡಿಲವಾಗುತ್ತಿದ್ದವು. ಅದಕ್ಕೇ ಕಂಪನಿಯವರು ಒಳನಾಡಿನ ಚಾರ್ಲ್‌ವಿಲ್‌ನಲ್ಲೇ ಕಾರ್ಖಾನೆ ಹಾಕಿ, ಮರವನ್ನು ಅಲ್ಲಿಯ ಬಿಸಿಲಲ್ಲೇ ಒಣಗಿಸಿ ಗಾಡಿ ಕಟ್ಟಿದರು. ನಮ್ಮ ಬಡಗಿಗಳನ್ನು ಕೇಳಿದ್ದರೆ ಮೊದಲೇ ಹೇಳುತ್ತಿದ್ದರು, ಅಲ್ವಾ?

ಪ್ರಶ್ನೆ: ಅಷ್ಟು ದೂರ ಅವೇ ಕುದುರೆಗಳು ಎಳೆಯುತ್ತಿದ್ದವೇ?
– ಓದುಗರು, ಶಿರಸಿ

ಉತ್ತರ: ಇಲ್ಲ, ಹಾಗೆ ಎಳೆಸಿದರೆ ಕುದುರೆ ಸತ್ತೇ ಹೋಗುತ್ತಿತ್ತು. ಸುಮಾರು 15ರಿಂದ 25 ಕಿಲೋಮೀಟರಿಗೊಮ್ಮೆ ಒಂದು ಲಾಯ. ಇನ್ನೂ ದೂರ ಇರುವಾಗಲೇ ಸಾರೋಟಿನವನು ಕಹಳೆ ಊದುತ್ತಿದ್ದ. ಅದು ಕೇಳಿದ ಕೂಡಲೇ ಲಾಯದವನು ಹೊಸ ಜೋಡಿಗಳಿಗೆ ಸಜ್ಜು ಹಾಕಿ ನಿಲ್ಲಿಸಿರಬೇಕು. ಗಾಡಿ ನಿಂತಿತು, ಬೆವತ ಕುದುರೆ ಬಿಚ್ಚಿದರು, ಹೊಸದನ್ನು ಕಟ್ಟಿದರು, ಕೆಲವೇ ನಿಮಿಷಗಳಲ್ಲಿ ಮತ್ತೆ ಹೊರಟರು. ಒಂದು ತಂಡ ಯಾವಾಗಲೂ ತನ್ನ ತುಂಡು ದಾರಿಯಲ್ಲೇ ಹೋಗಿ ಬರುತ್ತಿದ್ದರಿಂದ ಯಾವ ತಿರುವು ಎಲ್ಲಿ ಅನ್ನೋದು ಕುದುರೆಗಳಿಗೇ ಗೊತ್ತಿರುತ್ತಿತ್ತು, ರಾತ್ರಿ ಪ್ರಯಾಣಕ್ಕೆ ಇದೇ ದೊಡ್ಡ ಧೈರ್ಯ.

ಆದ್ದರಿಂದ ಇದನ್ನು ಗಾಡಿ ಕಂಪನಿ ಅನ್ನುವುದಕ್ಕಿಂತ ಕುದುರೆ ಕಂಪನಿ ಅನ್ನಬೇಕು. 1861ರಲ್ಲಿ ಜೇಮ್ಸ್ ರುದರ್‌ಫರ್ಡ್ ಮತ್ತು ಪಾಲುದಾರರು ಇದನ್ನು ಕೊಂಡರು, ಮರುವರ್ಷ ಮುಖ್ಯ ಕಚೇರಿ ಪಕ್ಕದ ನ್ಯೂ ಸೌತ್ ವೇಲ್ಸ್ ಪ್ರಾಂತ್ಯದ ಬ್ಯಾಥರ್ಸ್ಟ್ ಊರಿಗೆ ಹೋಯಿತು. 1870ರ ಹೊತ್ತಿಗೆ ದಿನಕ್ಕೆ 6,000 ಕುದುರೆಗಳಿಗೆ ಸಜ್ಜು ಹಾಕುತ್ತಿದ್ದರು. ಅಷ್ಟು ಹೊಟ್ಟೆ ತುಂಬಿಸೋದು ಸುಮ್ನೆ ಮಾತಲ್ಲ. ಬರ ಬಂತೆಂದರೆ ಮೇವನ್ನೂ ದೂರದಿಂದ ಹೊತ್ತು ತರಬೇಕು, ಲಾಭವೆಲ್ಲ ಅದಕ್ಕೇ ಸರಿ. ಆಮೇಲೆ ರೈಲು ಬಂತು, ಮೋಟಾರು ಬಂತು. ಕೊನೆಯ ಸಾರೋಟು 1924ರಲ್ಲಿ ಕ್ವೀನ್ಸ್‌ಲ್ಯಾಂಡಿನಲ್ಲಿ ಓಡಿತು.

ಪ್ರಶ್ನೆ: ನಮ್ಮ ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದಲೇ ಸ್ಟಡ್ ಫಾರ್ಮ್ ಇತ್ತಲ್ಲ, ಬ್ರಿಟಿಷರು ಆಸ್ಟ್ರೇಲಿಯಾದಿಂದ ಕುದುರೆ ಯಾಕೆ ತರಿಸಿದರು?
– ಓದುಗರು, ಕುಣಿಗಲ್

ಉತ್ತರ: ಸಾಲುತ್ತಿರಲಿಲ್ಲ, ಅಷ್ಟೇ. ಹೆಣ್ಣು ಕುದುರೆ ಸುಮಾರು 11 ತಿಂಗಳು ಗಬ್ಬ ಹೊರುತ್ತದೆ, ಹುಟ್ಟಿದ ಮರಿ ದಂಡಿನ ಕೆಲಸಕ್ಕೆ ಒದಗಲು ಇನ್ನೂ ನಾಲ್ಕು ವರ್ಷ ಬೇಕು. ಅಲ್ಲಿವರೆಗೂ ಅದಕ್ಕೆ ಹುಲ್ಲುಗಾವಲು, ಹುರುಳಿ ಎಲ್ಲ ಒದಗಿಸಬೇಕು. ಇಲ್ಲಿ ಒಳ್ಳೆ ನೆಲವೆಲ್ಲ ಉಳುಮೆಗೆ ಹೋಗಿತ್ತು. ನ್ಯೂ ಸೌತ್ ವೇಲ್ಸ್‌ನಲ್ಲಿ ಬಯಲಿಗೆ ಕೊನೆಯೇ ಇಲ್ಲ. 1788ರಲ್ಲಿ ಬ್ರಿಟನ್ನಿನಿಂದ ಅಲ್ಲಿ ನೆಲೆಸಲು ಬಂದ ಮೊದಲ ಹಡಗುಗಳವರು ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಕೊಂಡು ತಂದದ್ದು ಬೆರಳೆಣಿಕೆಯಷ್ಟು ಕುದುರೆ. ಆಮೇಲೆ ಅರಬ್ಬಿ, ಥರೋಬ್ರೆಡ್ ಅನ್ನೋ ರೇಸಿನ ತಳಿ, ಟಿಮೋರ್ ದ್ವೀಪದ ತಟ್ಟುಗಳ ರಕ್ತವೆಲ್ಲ ಕಲೆಸಿ ಗಟ್ಟಿಮುಟ್ಟಾದ ಒಂದು ಕುದುರೆ ತಯಾರಾಯಿತು. ಅದೇ ‘ವೇಲರ್’. ನೀರಿಗಾಗಿ ಮೈಲಿಗಟ್ಟಲೆ ನಡೆದು ಬೆಳೆದದ್ದು, ಹಾಗಾಗಿ ಸವಾರ, ಜೀನು, ಸಾಮಾನು ಎಲ್ಲ ಹೊತ್ತು ದಿನವಿಡೀ ನಡೆದರೂ ಸೊರಗುತ್ತಿರಲಿಲ್ಲ.

ಹೊಟ್ಟೆಗೆ ಪಟ್ಟಿ ಕಟ್ಟಿ ಹಡಗಿಗೆ ಎತ್ತುತ್ತಿದ್ದರು, ವಾರಗಟ್ಟಲೆ ನಿಂತೇ ಬರಬೇಕು. ಮದ್ರಾಸು, ಕಲ್ಕತ್ತ ದೊಡ್ಡ ಮಾರುಕಟ್ಟೆ. ನಮ್ಮ ಪಕ್ಕದ ಹೊಸೂರಿನಲ್ಲೇ ದಂಡಿಗೆ ಕುದುರೆ ಒದಗಿಸುವ ಡಿಪೋ ಇತ್ತು. ನನಗನ್ನಿಸುವುದು, ಈ ವ್ಯಾಪಾರ ಇಲ್ಲದಿದ್ದರೆ ಅಲ್ಲಿಯ ಸಾಕಣೆದಾರರು ಅಷ್ಟು ಒಳ್ಳೆ ತಳಿಗೆ ಕೈ ಹಾಕುತ್ತಿರಲಿಲ್ಲ. ಗಾಡಿಗೆ ಯಾವ ಕುದುರೆಯಾದರೂ ನಡೆಯುತ್ತದೆ, ಆದರೆ ದಂಡಿನ ಅಧಿಕಾರಿ ಹಲ್ಲು, ಗೊರಸು, ಎತ್ತರ ಎಲ್ಲ ನೋಡಿಯೇ ದುಡ್ಡು ಬಿಚ್ಚುತ್ತಿದ್ದ.

ಪ್ರಶ್ನೆ: ಆ ತಳಿ ಈಗಲೂ ಇದೆಯೇ?
– ಓದುಗರು, ಮೈಸೂರು

ಉತ್ತರ: ಇದೆ, ಕಡಿಮೆ. ದಂಡುಗಳು ಮೋಟಾರಿಗೆ ಹೋದ ಮೇಲೆ ಕೊಳ್ಳುವವರೇ ಇಲ್ಲದೆ ಮಧ್ಯ ಆಸ್ಟ್ರೇಲಿಯಾದ ದೊಡ್ಡ ಜಮೀನುಗಳಲ್ಲಿ ಎಷ್ಟೋ ಕುದುರೆಗಳು ಕಾಡುಪಾಲಾದವು. 1980ರ ದಶಕದಲ್ಲಿ ಆಸಕ್ತರು ಸಂಘ ಕಟ್ಟಿ ಅವುಗಳಿಂದಲೇ ತಳಿ ಉಳಿಸಲು ಹೊರಟರು. ನಂತರ ಬಂದ ಬೇರೆ ತಳಿಯ ರಕ್ತ ಸೇರಿದ್ದರೆ ಅಂಥದ್ದನ್ನು ಅವರು ವೇಲರ್ ಅಂತ ಒಪ್ಪುವುದಿಲ್ಲ.